ರೋಹು, ಕಾಟ್ಲಾ ಮೊಟ್ಟೆಗೆ ವಿಂಗಡಣೆ ಯಂತ್ರ ತರಿಸಬಹುದೆ?

ಪ್ರಶ್ನೆ: ಭದ್ರಾ ಅಚ್ಚುಕಟ್ಟಿನಲ್ಲಿ ನಮ್ಮದೊಂದು ಚೀನಾ ಮಾದರಿಯ, ಅಂದರೆ ದುಂಡು ತೊಟ್ಟಿಯಲ್ಲಿ ನೀರು ತಿರುಗುತ್ತಲೇ ಇರುವ ಹ್ಯಾಚರಿ ಇದೆ. ರೋಹು, ಕಾಟ್ಲಾ, ಮೃಗಾಲ್ ಮರಿ ಮಾಡುತ್ತೇವೆ. ಮೂರೂವರೆ ಮೀಟರ್ ವ್ಯಾಸದ ಹ್ಯಾಚಿಂಗ್ ಪೂಲಿಗೆ ಒಂದು ಸಲಕ್ಕೆ 50-60 ಲಕ್ಷ ಮೊಟ್ಟೆ ಬಿಡುತ್ತೇವೆ, ಆದರೆ ಕೆಲವು ಸಲ ಅರ್ಧದಷ್ಟು ಸ್ಪಾನ್ (ಮೊಟ್ಟೆಯೊಡೆದು ಬಂದ ಎಳೆಮರಿ) ಕೂಡ ಕೈಗೆ ಸಿಗುವುದಿಲ್ಲ. ನಾರ್ವೆಯಲ್ಲಿ ಕ್ಯಾಮೆರಾ ಇರುವ ಯಂತ್ರವೊಂದು ಸತ್ತ ಮೊಟ್ಟೆಗಳನ್ನು ಒಂದೊಂದಾಗಿ ಬೇರ್ಪಡಿಸುವ ವಿಡಿಯೊ ನೋಡಿದೆ. ರೋಹು ಮೊಟ್ಟೆಯೂ ಹೆಚ್ಚುಕಡಿಮೆ ಅಷ್ಟೇ ದಪ್ಪ. ಅದನ್ನು ತರಿಸಿದರೆ ನಡೆದೀತೆ? ಇಲ್ಲದಿದ್ದರೆ ಮೊಟ್ಟೆಯ ಗುಣಮಟ್ಟ ನೋಡಿಕೊಳ್ಳಲು ಏನು ಮಾಡಬೇಕು?

ಉತ್ತರ: ಆ ಯಂತ್ರ ತರಿಸಬೇಡಿ. ಅದು ಸಾಲ್ಮನ್ ಮತ್ತು ಟ್ರೌಟ್ ಮೊಟ್ಟೆಗೆಂದೇ ಮಾಡಿದ್ದು. ಆ ಕೆಲಸವನ್ನು ಅದು ತುಂಬ ಚೆನ್ನಾಗಿ ಮಾಡುತ್ತದೆ, ರೋಹು, ಕಾಟ್ಲಾದಂಥ ಗೆಂಡೆ ಜಾತಿಯ ಮೊಟ್ಟೆಯ ಮುಂದೆ ಮಾತ್ರ ಸೋಲುತ್ತದೆ. ಯಾಕೆ ಸೋಲುತ್ತದೆ ಎಂಬುದು ಗೊತ್ತಾದರೆ ನಿಮ್ಮ ಹ್ಯಾಚರಿಯಲ್ಲಿ ದುಡ್ಡು ಎಲ್ಲಿ ಹಾಕಬೇಕು ಎಂಬುದೂ ಗೊತ್ತಾಗುತ್ತದೆ. ಹಾಗಾಗಿ ಮೊದಲು ಯಂತ್ರದ ವಿಷಯ ಹೇಳುತ್ತೇನೆ.

ಟ್ರೌಟ್ ತಣ್ಣೀರಿನ ಮೀನು. 10 ಡಿಗ್ರಿ ನೀರಿನಲ್ಲಿ ಅದರ ಮೊಟ್ಟೆಗೆ ಕಣ್ಣು ಮೂಡಲು 16-18 ದಿನ ಬೇಕು, ಒಡೆದು ಮರಿಯಾಗಲು ಸುಮಾರು 31 ದಿನ. ಸಾಲ್ಮನ್‌ಗೆ ಇನ್ನೂ ಹೆಚ್ಚು: 8 ಡಿಗ್ರಿಯಲ್ಲಿ ಎರಡು ತಿಂಗಳ ಆಸುಪಾಸು. ಫಲಿತವಾದ ಒಂದೆರಡು ದಿನದ ನಂತರ ಕಣ್ಣು ಮೂಡುವವರೆಗೆ ಆ ಮೊಟ್ಟೆಗಳನ್ನು ಅಲುಗಾಡಿಸುವಂತಿಲ್ಲ, ಅಲುಗಿಸಿದರೆ ಭ್ರೂಣ ಸಾಯುತ್ತದೆ. ಕಣ್ಣು ಮೂಡಿದ ಮೇಲೆ ಅವು ಗಟ್ಟಿಯಾಗಿರುತ್ತವೆ. ವಿಂಗಡಣೆ ನಡೆಯುವುದು ಆಗ, ಮೊಟ್ಟೆಯೊಡೆಯಲು ಇನ್ನೂ ಎರಡು ವಾರ ಇರುವಾಗ.

ಇಲ್ಲೊಂದು ತೊಡಕಿದೆ. ಟ್ರೌಟ್‌ನ ಗೊಡ್ಡು ಮೊಟ್ಟೆ, ಅಂದರೆ ಫಲಿತವಾಗದ ಮೊಟ್ಟೆ, ವಾರಗಟ್ಟಲೆ ತಿಳಿಯಾಗಿಯೇ ಇರುತ್ತದೆ, ಹಾಗಾಗಿ ನೋಡಿದರೆ ಜೀವಂತ ಮೊಟ್ಟೆಯಂತೆಯೇ ಕಾಣುತ್ತದೆ. ಅದಕ್ಕಾಗಿ ಕಣ್ಣು ಚೆನ್ನಾಗಿ ಮೂಡಿದ ಮೇಲೆ ಮೊಟ್ಟೆಗಳಿಗೆ ಬೇಕೆಂದೇ ಪೆಟ್ಟು ಕೊಡುತ್ತಾರೆ: ಒಂದಡಿ ಎತ್ತರದಿಂದ ನೀರಿಗೆ ಸುರಿಯುತ್ತಾರೆ, ಇಲ್ಲವೆ ಸೈಫನ್ ಕೊಳವೆಯಲ್ಲಿ ಹರಿಸುತ್ತಾರೆ. ಜೀವಂತ ಮೊಟ್ಟೆ ಇದನ್ನು ತಡೆದುಕೊಳ್ಳುತ್ತದೆ. ಗೊಡ್ಡು ಮೊಟ್ಟೆಯಲ್ಲಿ ಹಳದಿಯ ಸುತ್ತಲಿನ ಪೊರೆ ಹರಿದು ನೀರು ಒಳಗೆ ನುಗ್ಗುತ್ತದೆ. ಹಳದಿಯ ಪ್ರೋಟೀನನ್ನು ಕರಗಿದ ಸ್ಥಿತಿಯಲ್ಲಿ ಇಡುವುದು ಅದರಲ್ಲಿರುವ ಲವಣ. ನೀರು ಸೇರಿ ಲವಣ ತೆಳುವಾದ ಕೂಡಲೇ ಪ್ರೋಟೀನ್ ಹೆಪ್ಪುಗಟ್ಟಿ ಮೊಟ್ಟೆ ಬಿಳಿಯಾಗುತ್ತದೆ. ಒಂದು ದಿನ ಬಿಟ್ಟರೆ ಗೊಡ್ಡೆಲ್ಲ ಬೆಳ್ಳಗೆ ಎದ್ದು ಕಾಣುತ್ತದೆ.

ಯಂತ್ರ ನೋಡುವುದು ಈ ಬಿಳುಪನ್ನು. ನೀರು ತುಂಬಿದ ಬುಟ್ಟಿಯಿಂದ ಮೊಟ್ಟೆಗಳು ತೂತಿನ ಚಕ್ರಕ್ಕೋ ಕಿರಿದಾದ ಕಾಲುವೆಗಳಿಗೋ ಇಳಿದು ಒಂದರ ಹಿಂದೊಂದು ಸಾಲಾಗುತ್ತವೆ. ಎಲ್‌ಇಡಿ ಬೆಳಕಿನ ಮುಂದೆ ಹಾಯುವಾಗ ತಿಳಿ ಮೊಟ್ಟೆ ಬೆಳಕನ್ನು ಬಿಟ್ಟುಕೊಡುತ್ತದೆ, ಬಿಳಿ ಮೊಟ್ಟೆ ತಡೆಯುತ್ತದೆ. ಸೆನ್ಸರ್ ಅಥವಾ ಕ್ಯಾಮೆರಾ ಆ ವ್ಯತ್ಯಾಸವನ್ನು ಹಿಡಿದು ನೀರಿನ ಅಥವಾ ಗಾಳಿಯ ಒಂದು ಚಿಮ್ಮಿನಿಂದ ಬಿಳಿಯನ್ನು ಬೇರೆ ಕೊಳವೆಗೆ ತಳ್ಳುತ್ತದೆ, ಎರಡು ಕಡೆಯೂ ಎಣಿಕೆ ಇಡುತ್ತದೆ. ಕ್ಯಾಮೆರಾ ಮಾದರಿಗಳು ಕಣ್ಣಿನ ಕಪ್ಪು ಚುಕ್ಕೆಯನ್ನೂ ಗಾತ್ರವನ್ನೂ ನೋಡಬಲ್ಲವು. ಅಮೆರಿಕದ ಜೆನ್‌ಸಾರ್ಟರ್, ನಾರ್ವೆಯ ಮಾಸ್ಕಾನ್ ಈ ಕ್ಷೇತ್ರದಲ್ಲಿ ಹೆಸರಾದ ಕಂಪನಿಗಳು. ನಾಲ್ಕು ಸಾಲಿನ ಸಾಮಾನ್ಯ ಯಂತ್ರವೊಂದು ಗಂಟೆಗೆ ಲಕ್ಷದ ಸುತ್ತಮುತ್ತ ಮೊಟ್ಟೆ ನೋಡುತ್ತದೆ.

ಹಿಮಾಚಲದ ಪತ್ಲಿಕುಹಲ್, ಕಾಶ್ಮೀರದ ಕೋಕರ್‌ನಾಗ್‌ನಂಥ ಟ್ರೌಟ್ ಹ್ಯಾಚರಿಗಳ ಕೆಲಸಕ್ಕೆ ಹೋಗುವವರಿಗೆ ಉಪಯೋಗವಾಗಲಿ ಎಂದು ಯಂತ್ರ ಎಲ್ಲಿ ತಪ್ಪುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಪೆಟ್ಟು ಕೊಟ್ಟ ಕೆಲವೇ ಗಂಟೆಯಲ್ಲಿ ವಿಂಗಡಿಸಿದರೆ ಅರೆಬರೆ ಬಿಳಿಯಾದ ಗೊಡ್ಡುಗಳು ಒಳ್ಳೆಯ ಮೊಟ್ಟೆಯ ಜೊತೆ ಉಳಿಯುತ್ತವೆ. ಒಂದು ತಾಯಿಯ ಮೊಟ್ಟೆ ತಿಳಿ ಹಳದಿ ಇದ್ದರೆ ಇನ್ನೊಂದರದು ಕಡುಕೇಸರಿ ಇರುತ್ತದೆ, ಆದ್ದರಿಂದ ಬೆಳಕಿನ ಮಿತಿಯನ್ನು ಪ್ರತಿ ತಂಡಕ್ಕೂ ಹೊಸದಾಗಿ ಹೊಂದಿಸಬೇಕು. ಗಾಳಿಗುಳ್ಳೆ, ಒಡೆದ ಸಿಪ್ಪೆ, ಬೂಸ್ಟು ಹಿಡಿದು ಅಂಟಿಕೊಂಡ ಜೋಡಿ ಮೊಟ್ಟೆ, ಪಾಚಿ ಕಟ್ಟಿದ ಗಾಜು ಇವೆಲ್ಲ ಸೆನ್ಸರನ್ನು ದಾರಿ ತಪ್ಪಿಸುತ್ತವೆ. ಪ್ರತಿ ತಂಡದ ಆರಂಭದಲ್ಲಿ ಒಳ್ಳೆಯ ಕಡೆಯಿಂದ 200, ತೆಗೆದುಹಾಕಿದ ಕಡೆಯಿಂದ 200 ಮೊಟ್ಟೆ ತೆಗೆದು ಕಣ್ಣಾರೆ ಎಣಿಸಬೇಕು. ಒಂದೇ ಕಡೆ ನೋಡಿದರೆ ಇನ್ನೊಂದು ತಪ್ಪು ಕಾಣುವುದಿಲ್ಲ. ಯಂತ್ರದ ನೀರು ಮೊಟ್ಟೆ ಇದ್ದ ನೀರಿನಷ್ಟೇ ತಣ್ಣಗಿರಬೇಕು, ಮೊಟ್ಟೆಗೆ ನೇರ ಬಿಸಿಲು ಬೀಳಬಾರದು. ವಿಂಗಡಿಸಿದ ಮೊಟ್ಟೆಯನ್ನು 100 ಪಿಪಿಎಂ ಅಯೋಡಿನ್ ದ್ರಾವಣದಲ್ಲಿ 10 ನಿಮಿಷ ಇಟ್ಟು ತೆಗೆಯುವುದು ರೂಢಿ. ಮ್ಯಾಲಕೈಟ್ ಗ್ರೀನ್ ಹತ್ತಿರ ತರಬೇಡಿ, ತಿನ್ನುವ ಮೀನಿಗೆ ಅದು ನಿಷಿದ್ಧ.

ಈಗ ನಿಮ್ಮ ಮೊಟ್ಟೆಗೆ ಬರೋಣ. ರೋಹು ಮೊಟ್ಟೆ ನೀರು ಹೀರಿ ಉಬ್ಬಿದಾಗ 4-5 ಮಿಲಿಮೀಟರ್, ಟ್ರೌಟ್ ಮೊಟ್ಟೆಯಷ್ಟೇ ದಪ್ಪ ಎಂದು ನೀವು ಹೇಳಿದ್ದು ಸರಿ. ಆದರೆ ಟ್ರೌಟ್ ಮೊಟ್ಟೆಯ ತುಂಬ ಹಳದಿ ಇರುತ್ತದೆ, ಹೊರಗೆ ದಪ್ಪ ಕವಚ. ರೋಹು ಮೊಟ್ಟೆಯಲ್ಲಿ ಹಳದಿ ಒಂದು, ಒಂದೂವರೆ ಮಿಲಿಮೀಟರ್ ಮಾತ್ರ. ಉಳಿದದ್ದು ನೀರು, ಅದರ ಸುತ್ತ ತೆಳ್ಳನೆಯ ಪೊರೆ. ಚಕ್ರದ ತೂತಿಗೆ ಬಿದ್ದರೆ ಅದು ಚಪ್ಪಟೆಯಾಗುತ್ತದೆ, ಚಿಮ್ಮು ನೀರು ಬಡಿದರೆ ಒಡೆಯುತ್ತದೆ.

ಎರಡನೆಯದು ಸಮಯ. 28 ಡಿಗ್ರಿ ನೀರಿನಲ್ಲಿ ನಿಮ್ಮ ಮೊಟ್ಟೆ 14ರಿಂದ 18 ಗಂಟೆಯೊಳಗೆ ಒಡೆಯುತ್ತದೆ. ಗಂಟೆಗೆ ಲಕ್ಷದಂತೆ 60 ಲಕ್ಷ ಮೊಟ್ಟೆ ನೋಡಲು 60 ಗಂಟೆ ಬೇಕು. ಇದರ ಮೂರು ಪಟ್ಟು ವೇಗದ ಯಂತ್ರ ತಂದರೂ ವಿಂಗಡಣೆ ಮುಗಿಯುವ ಮೊದಲೇ ಮರಿ ಹೊರಗೆ ಬಂದಿರುತ್ತದೆ. ಟ್ರೌಟ್‌ನಲ್ಲಿ ಸತ್ತ ಮೊಟ್ಟೆಯ ಮೇಲೆ ಬೂಸ್ಟು ಬೆಳೆದು ಪಕ್ಕದ ಜೀವಂತ ಮೊಟ್ಟೆಗೆ ಹಬ್ಬಲು ವಾರಗಳ ಅವಕಾಶ ಇರುತ್ತದೆ, ವಿಂಗಡಿಸುವುದೇ ಅದಕ್ಕಾಗಿ. ನಿಮ್ಮ ಪೂಲಿನಲ್ಲಿ ಬೂಸ್ಟಿಗೆ ಅಷ್ಟು ಸಮಯವೇ ಸಿಗುವುದಿಲ್ಲ. ಅಲ್ಲಿ ಸತ್ತ ಮೊಟ್ಟೆ ಕೊಡುವ ಕಾಟವೆಂದರೆ ಕೊಳೆತು ನೀರು ಕೆಡಿಸುವುದು, ಜಾಲರಿ ಕಟ್ಟಿಸುವುದು.

ಹಾಗಾದರೆ ಅರ್ಧದಷ್ಟು ಮೊಟ್ಟೆ ಎಲ್ಲಿ ಹೋಯಿತು? ನನ್ನ ಮೊದಲ ಅನುಮಾನ ನಿಮ್ಮ ಎಣಿಕೆಯ ಮೇಲೆ. ಬಹಳಷ್ಟು ಹ್ಯಾಚರಿಗಳಲ್ಲಿ ಮೊಟ್ಟೆಯನ್ನು ಮಗ್ಗಿನಲ್ಲಿ ಅಳೆದು ‘ಲೀಟರಿಗೆ ಇಷ್ಟು ಸಾವಿರ’ ಎಂದು ಬಾಯಿಪಾಠದ ಲೆಕ್ಕ ಹಾಕುತ್ತಾರೆ. ಮೊಟ್ಟೆಯ ಜೊತೆ ನೀರು ಉಳಿದಿದ್ದರೆ ಇಲ್ಲದ ಮೊಟ್ಟೆ ಲೆಕ್ಕಕ್ಕೆ ಬರುತ್ತದೆ, ಆಮೇಲೆ ಸ್ಪಾನ್ ಕಡಿಮೆ ಬಂದಂತೆ ಕಾಣುತ್ತದೆ. ಪೂರ್ತಿ ಉಬ್ಬುವ ಮೊದಲೇ ಅಳೆದರೆ ತಪ್ಪು ಇದಕ್ಕೆ ವಿರುದ್ಧವಾಗಿ ತಿರುಗುತ್ತದೆ: ಅದೇ ಮಗ್ಗಿನಲ್ಲಿ ಹೆಚ್ಚು ಮೊಟ್ಟೆ ಹಿಡಿದು, ಪೂಲಿಗೆ ಗೊತ್ತಿಲ್ಲದೆ ಮಿತಿಮೀರಿ ತುಂಬುತ್ತೀರಿ.

ಹೀಗೆ ಮಾಡಿ. ಮೊಟ್ಟೆ ಬಿದ್ದು ಕನಿಷ್ಠ ಒಂದು ಗಂಟೆ ಕಳೆಯಲಿ. ಹಾಪಾದಿಂದ (ಮೊಟ್ಟೆ ಹಿಡಿಯುವ ಬಟ್ಟೆಬಲೆಯ ತೊಟ್ಟಿ) ಸೊಳ್ಳೆಪರದೆಯ ಜರಡಿಗೆ ತೆಗೆದು ನೀರು ಬಸಿಯಲು ಬಿಡಿ, ತೊಟ್ಟಿಕ್ಕುವುದು ನಿಂತ ಕೂಡಲೇ ಅಳತೆಯ ಮಗ್ಗಿಗೆ ಹಾಕಿ. ಪೂರ್ತಿ ರಾಶಿ ಅಳೆಯುವಾಗ ಆರಂಭದಲ್ಲಿ, ನಡುವೆ, ಕೊನೆಗೆ ಒಂದೊಂದು ಸಲ 10 ಮಿಲಿಲೀಟರ್ ಮೊಟ್ಟೆ ಪಕ್ಕಕ್ಕೆ ತೆಗೆದಿಟ್ಟು ಬಿಳಿ ತಟ್ಟೆಯಲ್ಲಿ ಹರಡಿ ಎಣಿಸಿ. ಮೂರರ ಸರಾಸರಿ 280 ಬಂದರೆ ಲೀಟರಿಗೆ 28,000. ಕಾಟ್ಲಾ ಮೊಟ್ಟೆ ದಪ್ಪ, ಲೀಟರಿಗೆ ಕಡಿಮೆ ಹಿಡಿಯುತ್ತದೆ. ರೋಹುವಿನ ಲೆಕ್ಕವನ್ನು ಅದಕ್ಕೆ ಹಾಕಬೇಡಿ.

ನಿಮ್ಮ ಪೂಲಿನ ವ್ಯಾಸ 3.5 ಮೀಟರ್. ನೀರಿನ ಆಳ 1 ಮೀಟರ್, ನಡುವಿನ ಜಾಲರಿ ಕೋಣೆಯ ವ್ಯಾಸ 1 ಮೀಟರ್ ಎಂದಿಟ್ಟುಕೊಂಡರೆ ಮೊಟ್ಟೆಗೆ ಸಿಗುವ ಜಾಗ ಸುಮಾರು 8.8 ಘನಮೀಟರ್. ಘನಮೀಟರಿಗೆ 7 ಲಕ್ಷದಂತೆ ಗರಿಷ್ಠ 61 ಲಕ್ಷ ಮೊಟ್ಟೆ. ಅಂದರೆ 60 ಲಕ್ಷ ತುಂಬಿದಾಗ ನೀವು ಈಗಾಗಲೇ ಅಂಚಿನಲ್ಲಿದ್ದೀರಿ. ಎಣಿಕೆ ಶೇ. 20 ತಪ್ಪಿದರೂ ಆಮ್ಲಜನಕ ಸಾಲದು.

ಎಣಿಕೆ ಸರಿಯಾದ ಮೇಲೆ ಎರಡು ಹೊತ್ತು ನೋಡಬೇಕು. ಮೊದಲನೆಯದು ಮೊಟ್ಟೆ ಬಿದ್ದ 4-5 ಗಂಟೆಗೆ. ಅದಕ್ಕೂ ಮೊದಲು ನೋಡಿ ಪ್ರಯೋಜನವಿಲ್ಲ, ಯಾಕೆಂದರೆ ಗೊಡ್ಡು ಮೊಟ್ಟೆಯೂ ನೀರು ತಾಗಿದ ಕೂಡಲೇ ಉಬ್ಬುತ್ತದೆ, ಮೊದಲ ಒಂದೆರಡು ಗಂಟೆ ಚೆನ್ನಾಗಿಯೇ ಕಾಣುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಸಾಕು. ಜೀವಂತ ಮೊಟ್ಟೆ ತಿಳಿಯಾಗಿರುತ್ತದೆ, ಹಳದಿಯ ಮೇಲೆ ಟೊಪ್ಪಿಗೆ ಇಟ್ಟಂತೆ ಭ್ರೂಣದ ಪದರ ಅರ್ಧಕ್ಕೂ ಹೆಚ್ಚು ಇಳಿದಿರುತ್ತದೆ. ಸತ್ತದ್ದರಲ್ಲಿ ತಿಳಿ ಪೊರೆಯ ನಡುವೆ ಹಳದಿ ಬಿಳಿ ಗೋಲಿಯಾಗಿ ನಿಂತಿರುತ್ತದೆ. ಎರಡನೆಯ ಸಲ ಮೊಟ್ಟೆ ಬಿದ್ದ 9-10 ಗಂಟೆಗೆ ನೋಡಿ, ಆಗ ಭ್ರೂಣ ಬಾಲ ಮಿಡುಕಿಸುತ್ತಿರುತ್ತದೆ. ಮಿಡುಕಾಟ ಕಂಡ ಮೊಟ್ಟೆಯನ್ನು ಮಾತ್ರ ಒಳ್ಳೆಯದೆಂದು ಎಣಿಸಿ.

ಮಾದರಿಯನ್ನು ಒಂದೇ ಕಡೆಯಿಂದ ಮೊಗೆಯಬೇಡಿ. ಹೊರಗೋಡೆಯ ಪಕ್ಕ, ನಡುವಿನ ಜಾಲರಿಯ ಹತ್ತಿರ, ತಳದಿಂದ ಹೀಗೆ ಮೂರು ಕಡೆ ತೆಗೆದು ಬೆರೆಸಿ 200 ಮೊಟ್ಟೆ ಎಣಿಸಿ. 50 ಎಣಿಸಿ ಶೇ. 80 ಫಲಿತ ಎಂದರೆ ಅದು ಶೇ. 69 ಇರಬಹುದು, 91 ಇರಬಹುದು. 200 ಎಣಿಸಿದರೆ ತಪ್ಪು ಎರಡೂ ಕಡೆ ಐದೂವರೆಗೆ ಇಳಿಯುತ್ತದೆ. ಇನ್ನೊಂದು ಮಾತು: ಸತ್ತ ಮೊಟ್ಟೆ ಬೇಗ ಕರಗಿ ಮಾಯವಾಗುತ್ತದೆ. ಹಾಗಾಗಿ ತಡವಾಗಿ ಎಣಿಸಿದಷ್ಟೂ ಶೇಕಡಾವಾರು ಚೆನ್ನಾಗಿ ಕಾಣುತ್ತದೆ. 12ನೇ ಗಂಟೆಯಲ್ಲಿ ಸಿಕ್ಕ ಶೇ. 95ನ್ನು ನಂಬಿ ಕೂರಬೇಡಿ.

ಮೂರನೆಯ ಅಂಕಿ ಸ್ಪಾನ್‌ನದು. ಮೊಟ್ಟೆಯೊಡೆದು ಮೂರನೇ ದಿನ, ಹಳದಿಚೀಲ ಕರಗಿದ ಮೇಲೆ ಮಿಲಿಲೀಟರಿಗೆ ಸುಮಾರು 500 ಎಂದು ಎಲ್ಲರೂ ಅಳೆಯುತ್ತಾರೆ. ನೀವು ಒಂದು ಮಿಲಿಲೀಟರ್ ಎಣಿಸಿ ನೋಡಿಯೇ ಲೆಕ್ಕ ಹಾಕಿ.

ಈ ಮೂರು ಅಂಕಿ ಪಕ್ಕಪಕ್ಕ ಇಟ್ಟರೆ ರೋಗ ಎಲ್ಲಿದೆ ಎಂದು ಗೊತ್ತಾಗುತ್ತದೆ. 55 ಲಕ್ಷ ಮೊಟ್ಟೆ, 4-5 ಗಂಟೆಗೆ ಶೇ. 80 ಫಲಿತ, ಅಂದರೆ 44 ಲಕ್ಷ. ಕೈಗೆ ಬಂದ ಸ್ಪಾನ್ 26 ಲಕ್ಷ. ಇಲ್ಲಿ ತಾಯಿಮೀನಿನದು ತಪ್ಪಿಲ್ಲ, ನಷ್ಟವಾದದ್ದು ನಿಮ್ಮ ಪೂಲಿನೊಳಗೆ.

ಮೊದಲ ನೋಟದಲ್ಲೇ ಶೇ. 60ಕ್ಕಿಂತ ಕೆಳಗಿದ್ದರೆ ತಾಯಿಮೀನಿನ ಕೊಳಕ್ಕೆ ಹಿಂದಿರುಗಬೇಕು. ಗಂಡಿನ ಹೊಟ್ಟೆ ಒತ್ತಿದಾಗ ಗಟ್ಟಿ ಹಾಲಿನಂಥ ವೀರ್ಯ ಬರಬೇಕು. ಹಂಗಾಮಿನ ಕೊನೆಗೆ ಅದು ನೀರಾಗುತ್ತದೆ. ಹೆಣ್ಣಿನ ತೂಕಕ್ಕೆ ಸಮನಾಗಿ ಗಂಡು ಬಿಡಿ. ಹೆಣ್ಣು ಹಣ್ಣಾಗಿದೆಯೆ ಎಂಬುದನ್ನು ಹೊಟ್ಟೆಯ ಮೆತ್ತಗಿನಿಂದಷ್ಟೇ ನಿರ್ಧರಿಸುವ ಬದಲು ಸಣ್ಣ ಕ್ಯಾನ್ಯುಲಾ ಕೊಳವೆಯಿಂದ 30-40 ಮೊಟ್ಟೆ ಎಳೆದು ಸೆರ್ರಾ ದ್ರಾವಣದಲ್ಲಿ ಹಾಕಿ ನೋಡಿ: ಆರು ಭಾಗ ಶೇ. 70ರ ಆಲ್ಕೊಹಾಲ್, ಮೂರು ಭಾಗ ಫಾರ್ಮಲಿನ್, ಒಂದು ಭಾಗ ಅಸಿಟಿಕ್ ಆಮ್ಲ. ಕೆಲವೇ ನಿಮಿಷದಲ್ಲಿ ಮೊಟ್ಟೆ ತಿಳಿಯಾಗಿ ಒಳಗಿನ ಕೋಶಕೇಂದ್ರ ಒಂದು ಚುಕ್ಕೆಯಂತೆ ಕಾಣುತ್ತದೆ. ಅದು ನಡುವಿನಿಂದ ಅಂಚಿಗೆ ಸರಿದಿದ್ದರೆ ಆ ಹೆಣ್ಣಿಗೆ ಹಾರ್ಮೋನ್ ಚುಚ್ಚುಮದ್ದು ಕೊಡಬಹುದು. ಹೆಚ್ಚಿನ ಮೊಟ್ಟೆಗಳಲ್ಲಿ ಅದು ನಡುವೆಯೇ ಇದ್ದರೆ ಆ ಮೀನನ್ನು ಕೊಳಕ್ಕೆ ವಾಪಸು ಬಿಡಿ. ಡೋಸ್ ಏರಿಸಿ ಬಲವಂತ ಮಾಡಿದರೆ ಮೊಟ್ಟೆ ಬೀಳಬಹುದು, ಫಲಿತವಾಗುವುದಿಲ್ಲ. ನನ್ನ ಲೆಕ್ಕದಲ್ಲಿ ಗೆಂಡೆ ಹ್ಯಾಚರಿಯ ಅತಿ ಒಳ್ಳೆಯ ವಿಂಗಡಣೆ ಇದೇ. ಇಲ್ಲಿ ಒಂದು ಕೆಟ್ಟ ಹೆಣ್ಣನ್ನು ಪಕ್ಕಕ್ಕಿಟ್ಟರೆ ಲಕ್ಷಗಟ್ಟಲೆ ಗೊಡ್ಡು ಮೊಟ್ಟೆ ಪೂಲಿಗೆ ಬರುವುದೇ ಇಲ್ಲ.

ಮೊದಲ ನೋಟ ಚೆನ್ನಾಗಿದ್ದು ಮೊಟ್ಟೆಯೊಡೆಯುವ ಹೊತ್ತಿಗೆ ಕುಸಿದರೆ ಕಾರಣ ನೀರು. ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಇಳಿಯಬಾರದು. ಬೋರ್‌ವೆಲ್ ನೀರನ್ನು ನೇರವಾಗಿ ಬಿಡುವವರಿಗೆ ಇದು ಸಾಮಾನ್ಯ ತೊಂದರೆ: ಆ ನೀರಿನಲ್ಲಿ ಆಮ್ಲಜನಕ ಕಡಿಮೆ, ಕಬ್ಬಿಣದ ಅಂಶವಿದ್ದರೆ ಮೊಟ್ಟೆಯ ಮೇಲೆ ಕೆಂಪು ಪದರ ಕೂರುತ್ತದೆ. ಮೇಲ್ತೊಟ್ಟಿಗೆ ತೂತಿನ ತಟ್ಟೆಗಳ ಮೇಲಿಂದ ಧುಮುಕಿಸಿ ಹರಿಸಿದರೆ ಎರಡೂ ಬಹುಮಟ್ಟಿಗೆ ಸರಿಹೋಗುತ್ತವೆ. ಕಾಲುವೆ ಅಥವಾ ಕೆರೆ ನೀರಾದರೆ ಸೈಕ್ಲಾಪ್ಸ್ ಎಂಬ ಸಣ್ಣ ನೀರುಜೀವಿ ಬರದಂತೆ ಸಣ್ಣ ಕಣ್ಣಿನ ನೈಲಾನ್ ಬಟ್ಟೆಯಲ್ಲಿ ಸೋಸಿ.

ಆಮೇಲೆ ವೇಗ. ಮೊಟ್ಟೆ ಬಿಟ್ಟ ಮೊದಲ ಗಂಟೆಗಳಲ್ಲಿ ನೀರು ಸೆಕೆಂಡಿಗೆ 0.4-0.5 ಮೀಟರ್ ತಿರುಗಬೇಕು, ಒಡೆಯುವ ಹೊತ್ತಿಗೆ 0.1-0.2ಕ್ಕೆ ಇಳಿಸಬೇಕು, ಒಡೆದ ಮೇಲೆ ಮತ್ತೆ 0.3-0.4ಕ್ಕೆ ಏರಿಸಬೇಕು. ಇದಕ್ಕೆ ಮೀಟರ್ ಬೇಕಿಲ್ಲ. ಒಂದು ನಿಂಬೆಹಣ್ಣು ತೇಲಿಬಿಡಿ. ಅದು ಮುಕ್ಕಾಲು ಮುಳುಗಿ ಹೋಗುವುದರಿಂದ ಗಾಳಿಗೆ ಅಲೆಯುವುದಿಲ್ಲ. ನಿಮ್ಮ ಪೂಲಿನಲ್ಲಿ ಹೊರಗೋಡೆಯಿಂದ 35 ಸೆಂಟಿಮೀಟರ್ ಒಳಗೆ ಒಂದು ಸುತ್ತು 8.8 ಮೀಟರ್. ಅಂದರೆ ಮೊದಲ ಹಂತದಲ್ಲಿ ಅದು 18-22 ಸೆಕೆಂಡಿಗೆ ಒಂದು ಸುತ್ತು ಬರಬೇಕು, ಒಡೆಯುವಾಗ 44-88 ಸೆಕೆಂಡಿಗೆ, ಆಮೇಲೆ 22-29 ಸೆಕೆಂಡಿಗೆ. ವೇಗ ಹೆಚ್ಚಾದರೆ ಮೊಟ್ಟೆ ಜಾಲರಿಗೆ ಬಡಿದು ಪೊರೆ ಹರಿಯುತ್ತದೆ. ಕಡಿಮೆಯಾದರೆ ತಳದಿಂದ ನೀರು ಚಿಮ್ಮಿಸುವ ಡಕ್‌ಮೌತ್ ನಳಗಳ ನಡುವಿನ ಜಾಗದಲ್ಲಿ ಗುಡ್ಡೆಯಾಗಿ ಉಸಿರುಗಟ್ಟುತ್ತದೆ. ಮೊಟ್ಟೆಯೆಲ್ಲ ಒಡೆದು ಸ್ಪಾನ್ ಕಡಿಮೆ ಬಂದರೆ ಆ ಮೂರನೇ ಹಂತದಲ್ಲಿ ವೇಗ ಏರಿಸುವುದು ಮರೆತಿರುತ್ತದೆ, ಇಲ್ಲವೆ ಸಿಪ್ಪೆ ಜಾಲರಿಗೆ ಕಟ್ಟಿ ನೀರು ಮೇಲಿಂದ ಉಕ್ಕಿ ಮರಿಯನ್ನು ಒಯ್ದಿರುತ್ತದೆ. ಒಡೆಯುವ ಹೊತ್ತಿನಲ್ಲಿ ಜಾಲರಿ ಉಜ್ಜಲೆಂದೇ ಒಬ್ಬರು ನಿಂತಿರಬೇಕು.

ಸತ್ತ ಮೊಟ್ಟೆಯನ್ನು ಬೇರ್ಪಡಿಸಲೇಬೇಕು ಎಂದರೆ ನೀರಿನಿಂದಲೇ ಮಾಡಿಸಿ. ಸುಮಾರು ಆರೂವರೆ ಲೀಟರಿನ ಪಾರದರ್ಶಕ ಜಾರಿನಲ್ಲಿ 50,000 ಮೊಟ್ಟೆ ಹಾಕಿ ತಳದಿಂದ ನಿಮಿಷಕ್ಕೆ 600-800 ಮಿಲಿಲೀಟರ್ ನೀರು ಬಿಟ್ಟರೆ ಸತ್ತದ್ದು ಹಗುರಾಗಿ ಮೇಲೇರುತ್ತದೆ, ಅಲ್ಲಿಂದ ಸೈಫನ್‌ನಲ್ಲಿ ಎಳೆಯಬಹುದು. 60 ಲಕ್ಷಕ್ಕೆ 120 ಜಾರ್ ಬೇಕಾಗುವುದರಿಂದ ಇದು ಎಲ್ಲ ಮೊಟ್ಟೆಗಲ್ಲ. ಜಯಂತಿ ರೋಹುವಿನಂಥ ಸುಧಾರಿತ ತಳಿಯ ಚಿಕ್ಕ ತಂಡಗಳಿಗೆ, ಅಂಟು ತೆಗೆದ ಸಾಮಾನ್ಯ ಗೆಂಡೆಯ ಮೊಟ್ಟೆಗೆ ಇಟ್ಟುಕೊಳ್ಳಿ. ಕರಾವಳಿಯ ಪಂಜರ ಕೃಷಿಯ ಸೀಬಾಸ್‌ನಲ್ಲಿ ಇದು ತಲೆಕೆಳಗು: ಉಪ್ಪುನೀರಿನಲ್ಲಿ ಜೀವಂತ ಮೊಟ್ಟೆ ತೇಲುತ್ತದೆ, ಸತ್ತದ್ದು ಮುಳುಗುತ್ತದೆ. ಗಾಳಿ ನಿಲ್ಲಿಸಿ 10-15 ನಿಮಿಷ ಬಿಟ್ಟು ತಳದ ನಲ್ಲಿ ತೆರೆದರೆ ಕೆಲಸ ಮುಗಿಯಿತು.

ಕ್ಯಾಮೆರಾದ ಆಸೆ ಬಿಡಬೇಕಾಗಿಲ್ಲ. ಒಂದೊಂದು ಮೊಟ್ಟೆ ಆರಿಸಲು ಅದು ಬೇಡ, ಮಾದರಿ ಎಣಿಸಲು ತುಂಬ ಒಳ್ಳೆಯದು. ಒಂದಡಿ ಉದ್ದದ ಕಪ್ಪು ಟ್ರೇಯಲ್ಲಿ ಒಂದು ಸೆಂಟಿಮೀಟರ್ ನೀರು ಹಾಕಿ 200-400 ಮೊಟ್ಟೆಯನ್ನು ಒಂದೇ ಪದರವಾಗಿ ಹರಡಿ. ಎದುರುಬದುರು ಎರಡು ಬದಿಗೆ ನೀರಿನ ಮಟ್ಟದಲ್ಲಿ ಎಲ್‌ಇಡಿ ಪಟ್ಟಿ ಅಂಟಿಸಿ, ಮೇಲಿನ ದೀಪ ಆರಿಸಿ, ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲಿನಿಂದ ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಿರಿ. ಬಿಳಿ ತಟ್ಟೆಯಲ್ಲಿ ಕಣ್ಣಿಗೇ ಸಿಗದ ತಿಳಿ ಪೊರೆ ಇಲ್ಲಿ ತೆಳ್ಳನೆಯ ಹೊಳೆಯುವ ಉಂಗುರವಾಗಿ ಕಾಣುತ್ತದೆ, ಸತ್ತ ಹಳದಿ ಅಚ್ಚಬಿಳಿ ಚುಕ್ಕೆಯಾಗಿ ಕಾಣುತ್ತದೆ. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಹೊಳಪಿನ ಮಿತಿಯನ್ನೂ ಚುಕ್ಕೆಯ ಗಾತ್ರದ ಮಿತಿಯನ್ನೂ ಕೊಟ್ಟರೆ ಬಿಳಿ ಚುಕ್ಕೆಗಳನ್ನು ಅದೇ ಎಣಿಸುತ್ತದೆ. ಗಾಳಿಗುಳ್ಳೆಯೂ ಬಿಳಿಯಾಗಿ ಹೊಳೆಯುತ್ತದೆ, ಹಾಗಾಗಿ ಫೋಟೊಗೆ ಮೊದಲು ಎರಡು ನಿಮಿಷ ಬಿಡಿ. ಮೊದಲ ಹತ್ತು ಫೋಟೊ ಕೈಯಲ್ಲೂ ಎಣಿಸಿ ಹೋಲಿಸಿ. ನೂರಕ್ಕೆ ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಹೊಳಪಿನ ಮಿತಿಯನ್ನು ಮತ್ತೆ ಹೊಂದಿಸಬೇಕು.

ಯಂತ್ರಕ್ಕೆಂದು ಎತ್ತಿಟ್ಟ ಹಣವನ್ನು ಆಮ್ಲಜನಕ ಮತ್ತು ತಾಪಮಾನ ಅಳೆಯುವ ಪ್ರೋಬ್, ನೀರಿನ ಹರಿವು ನಿಂತರೆ ಮೊಬೈಲಿಗೆ ಕರೆ ಬರುವ ಅಲಾರಂ, ತಾನಾಗಿ ಚಾಲೂ ಆಗುವ ಜನರೇಟರ್ ಇವುಗಳಿಗೆ ಹಾಕಿ. ಇವುಗಳಲ್ಲಿ ಮೊದಲು ಕೊಳ್ಳಬೇಕಾದದ್ದು ಹರಿವಿನ ಅಲಾರಂ. ಕರೆಂಟು ಹೋಗಿ ನೀರು ನಿಂತರೆ 60 ಲಕ್ಷ ಮೊಟ್ಟೆ ತಳಕ್ಕಿಳಿದು ಒಂದರ ಮೇಲೊಂದು ಕೂರಲು ಕೆಲವೇ ನಿಮಿಷ ಸಾಕು. ಹ್ಯಾಚರಿಯಲ್ಲಿ ಅದು ಆಗುವುದು ಹೆಚ್ಚಾಗಿ ನಡುರಾತ್ರಿ, ಮಳೆ ಜೋರಾಗಿರುವಾಗ.